ಬೆಕ್ಕು ಟ್ರೇ ಬಿಟ್ಟು ಬೇರೆಲ್ಲೋ ಮೂತ್ರ ಮಾಡುತ್ತಿದೆಯೇ? ಜಾಗ ನೋಡಿ ಕಾರಣ ಹಿಡಿಯಿರಿ

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ನನಗೆ ಫೋನು ಬರಲು ಶುರುವಾಗುತ್ತದೆ. ಪೆರ್ಲದಿಂದ, ನೀರ್ಚಾಲಿನಿಂದ, ಉಪ್ಪಳದಿಂದ. ಮಾತು ಹೆಚ್ಚುಕಡಿಮೆ ಒಂದೇ: "ಅಕ್ಕ, ನಮ್ಮ ಪುಚ್ಚೆಗೆ ಈಗ ಹಠ ಜಾಸ್ತಿಯಾಗಿದೆ. ಟ್ರೇ ಇಟ್ಟರೂ ಅಕ್ಕಿ ಗೋಣಿಯ ಮೇಲೆಯೇ ಮಾಡ್ತದೆ."

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಹಂಚಿನ ಮನೆಯಲ್ಲಿ ಹದಿನಾರು ವರ್ಷದಿಂದ ಬೆಕ್ಕು ಸಾಕುತ್ತಿದ್ದೇನೆ. ಈಗ ಐದು ಇವೆ. ಆ ಅನುಭವದ ಮೇಲೆ ಹೇಳುತ್ತೇನೆ, ಹಠಕ್ಕೋ ಸೇಡಿಗೋ ಬೆಕ್ಕು ಮೂತ್ರ ಮಾಡುವುದಿಲ್ಲ. ಎಲ್ಲೋ ಏನೋ ಕೆಟ್ಟಿರುತ್ತದೆ: ಅದರ ದೇಹದಲ್ಲಿ, ಅದರ ಶೌಚಕ್ಕೆಂದು ನಾವು ಇಟ್ಟ ಟ್ರೇಯಲ್ಲಿ, ಇಲ್ಲವೇ ಮನೆಯ ವಾತಾವರಣದಲ್ಲಿ. ಯಾವುದು ಕೆಟ್ಟಿದೆ ಎನ್ನುವುದಕ್ಕೆ ಅದು ಹುಡುಕಿಕೊಂಡ ಜಾಗವೇ ಸಾಕ್ಷಿ. ಹಾಗಾಗಿ ನೆಲ ಒರೆಸುವ ಬಟ್ಟೆ ತರುವ ಮೊದಲು ಆ ಜಾಗದ ಹತ್ತಿರ ಒಮ್ಮೆ ಕುಕ್ಕರಗಾಲಲ್ಲಿ ಕುಳಿತು ನೋಡಿ. ಒದ್ದೆ ಎಷ್ಟಿದೆ? ನೆಲದಲ್ಲೋ ಗೋಡೆಯಲ್ಲೋ? ಮೆತ್ತನೆಯ ವಸ್ತುವೋ, ಗಟ್ಟಿ ಸಿಮೆಂಟೋ? ಟ್ರೇಯಿಂದ ಎಷ್ಟು ದೂರ? ನೋಡಿದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆದಿಡಿ. ನಾಲ್ಕು ದಿನ ಬರೆದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಎಲ್ಲಕ್ಕಿಂತ ಮೊದಲು: ಮೂತ್ರ ಬರುತ್ತಿದೆಯೇ?

ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಸಂಜೆ ನಮ್ಮ ಗಂಡು ಬೆಕ್ಕು ಕೆಂಚ ಬಚ್ಚಲಿನಲ್ಲಿ ನೀರು ಹೋಗುವ ತೂತಿನ ಹತ್ತಿರ ಕುಳಿತಿದ್ದ. ಬೆನ್ನು ಬಾಗಿತ್ತು, ಬಾಲ ನೆಟ್ಟಗೆ ಹಿಂದಕ್ಕೆ ಚಾಚಿತ್ತು, ಹೊಟ್ಟೆಯ ಪಕ್ಕ ಬಿಗಿದು ನಡುಗುತ್ತಿತ್ತು. ಎದ್ದು ಎರಡು ಹೆಜ್ಜೆ ಹೋದ, ಮತ್ತೆ ಕುಳಿತ, ಕಾಲೆತ್ತಿ ಅಡಿಯನ್ನು ನೆಕ್ಕಿಕೊಂಡ. ಅವನು ಎದ್ದ ಜಾಗದಲ್ಲಿ ಕಡಲೆಕಾಳಿನಷ್ಟು ಒದ್ದೆ, ತುಸು ಗುಲಾಬಿ ಬಣ್ಣ. ನಾನು ಮಲಬದ್ಧತೆ ಎಂದುಕೊಂಡು ಒಂದು ಚಮಚ ಎಣ್ಣೆ ಕುಡಿಸಿ ಮಲಗಿದೆ. ಬೆಳಗ್ಗೆ ಎತ್ತಿಕೊಂಡಾಗ ಕೆಳಹೊಟ್ಟೆಯಲ್ಲಿ ದೊಡ್ಡ ಲಿಂಬೆಯಷ್ಟು ಗಟ್ಟಿ ಉಂಡೆ ಕೈಗೆ ಸಿಕ್ಕಿತು. ಮೃಗಾಸ್ಪತ್ರೆಯಲ್ಲಿ ನಳಿಕೆ ಹಾಕಿ ಮೂತ್ರ ತೆಗೆದರು. ಕೆಂಚ ಬದುಕಿದ. ಆ ಹನ್ನೆರಡು ಗಂಟೆ ಕಳೆದದ್ದು ನನ್ನ ತಪ್ಪು. ಇನ್ನೊಬ್ಬರ ಮನೆಯಲ್ಲಿ ಅದು ಆಗಬಾರದು ಎಂದೇ ಇದನ್ನು ಎಲ್ಲಕ್ಕಿಂತ ಮೊದಲು ಬರೆಯುತ್ತಿದ್ದೇನೆ.

ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ, ತುದಿಯಲ್ಲಿ ಇನ್ನೂ ಸಪೂರ. ಹರಳಿನ ಹುಡಿ ಮತ್ತು ಲೋಳೆ ಸೇರಿ ಅಲ್ಲಿ ಬಿರಡೆಯಂತೆ ಕೂತುಬಿಡುತ್ತದೆ. ಕಟ್ಟಿನಿಂತ ಮೂತ್ರದ ಒತ್ತಡಕ್ಕೆ ಕಿಡ್ನಿ ಸೋಲುತ್ತದೆ, ರಕ್ತದಲ್ಲಿ ಪೊಟ್ಯಾಶಿಯಂ ಏರುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಪೂರ್ತಿ ಕಟ್ಟಿದರೆ 24ರಿಂದ 48 ಗಂಟೆಯೊಳಗೆ ಪ್ರಾಣಕ್ಕೇ ಬರಬಹುದು. ಮತ್ತೆ ಮತ್ತೆ ಕುಳಿತು ತಿಣುಕುವುದು, ಹನಿಯೂ ಬಾರದಿರುವುದು, ಕೂಗುವುದು, ವಾಂತಿ, ಊಟ ಬಿಡುವುದು — ಇಷ್ಟರಲ್ಲಿ ಮೊದಲ ಎರಡು ಕಂಡರೆ ಸಾಕು, ಮಳೆಯೋ ರಾತ್ರಿಯೋ ನೋಡಬೇಡಿ. ಹತ್ತಿರದ ದನದ ಡಾಕ್ಟರಿಗೆ ಫೋನು ಮಾಡಿ "ಗಂಡು ಬೆಕ್ಕು, ಮೂತ್ರ ಕಟ್ಟಿದೆ" ಎಂದು ಅದೇ ಮಾತಿನಲ್ಲಿ ಹೇಳಿ. ಅಲ್ಲಿ ನಳಿಕೆ ಹಾಕುವ ಸೌಕರ್ಯ ಇಲ್ಲ ಎಂದರೆ ಮಂಗಳೂರಿಗೆ ಹೊರಡಿ, ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರು. ಮನೆಯಲ್ಲಿ ಹೊಟ್ಟೆ ಒತ್ತಿ ಮೂತ್ರ ಬರಿಸಲು ಹೋಗಬೇಡಿ, ಒಳಗೆ ಒಡೆಯಬಹುದು.

ಮೂತ್ರ ಬರುತ್ತಿದೆ, ಆದರೆ ಗಳಿಗೆಗೊಮ್ಮೆ ಸ್ವಲ್ಪ ಸ್ವಲ್ಪ, ನಡುವೆ ರಕ್ತ ಎಂದಾದರೆ ಮೂತ್ರಚೀಲ ಉರಿಯುತ್ತಿದೆ ಎಂದರ್ಥ. ಹತ್ತು ವರ್ಷದೊಳಗಿನ ಬೆಕ್ಕಿನಲ್ಲಿ ಇದಕ್ಕೆ ಹೆಚ್ಚಾಗಿ ಸೋಂಕು ಕಾರಣವಲ್ಲ. ಮನಸ್ಸಿಗೆ ಆದ ಒತ್ತಡ, ನೀರು ಕಡಿಮೆ ಕುಡಿಯುವುದು ಇವೇ ಇದನ್ನು ಎಬ್ಬಿಸುತ್ತವೆ. ಆದ್ದರಿಂದ ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಕೊಟ್ಟು ಪ್ರಯೋಜನವಿಲ್ಲ. ಪಾರಾಸಿಟಮಾಲ್ ಅಂತೂ ಕಾಲು ಮಾತ್ರೆಯೂ ಬೇಡ, ಬೆಕ್ಕಿಗೆ ಅದು ವಿಷ. ಒಣ ಆಹಾರ ಮಾತ್ರ ತಿನ್ನುವ ಬೆಕ್ಕಾದರೆ ಅದಕ್ಕೆ ನೀರು ಬೆರೆಸಿ ಕೊಡಿ. ಬೂತಾಯಿ ಮೀನು ಬೇಯಿಸಿದ ನೀರು ಒಳ್ಳೆಯದು, ಆದರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕುವ ಮೊದಲೇ ತೆಗೆದಿಡಬೇಕು.

ಇನ್ನು, ಒಂದೊಂದು ಸಲಕ್ಕೆ ಕೆರೆಯಂತೆ ಮೂತ್ರ, ನೀರಿನ ಪಾತ್ರೆ ಬೇಗ ಬೇಗ ಖಾಲಿ? ಅದು ಕಿಡ್ನಿ, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡಿನ ಕಡೆ ಬೆರಳು ತೋರಿಸುತ್ತದೆ. ನಾಲ್ಕು ಕಿಲೋ ತೂಕದ ಬೆಕ್ಕು ದಿನಕ್ಕೆ 200 ಮಿಲಿಲೀಟರಿಗಿಂತ ಹೆಚ್ಚು ಕುಡಿದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

ದೇಹದಲ್ಲಿ ತೊಂದರೆ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮುಂದಕ್ಕೆ ಓದಿ.

ಗೋಡೆಯೋ ನೆಲವೋ

ಬಾಗಿಲ ದಾರಂದ, ಕಿಟಕಿಯ ಕೆಳಗಿನ ಗೋಡೆ, ಸ್ಕೂಟರಿನ ಚಕ್ರ, ಹೀಗೆ ಎದ್ದು ನಿಂತ ವಸ್ತುವಿನ ಮೇಲೆ ಒಂದು ಗೇಣು ಎತ್ತರದಲ್ಲಿ ಸ್ವಲ್ಪವೇ ಸಿಡಿದು ಕೆಳಗಿಳಿದ ಗುರುತು ಇದ್ದರೆ ಅದು ಶೌಚವಲ್ಲ, ಗಡಿ ಗುರುತು. ಬೆಕ್ಕು ನಿಂತೇ ಇರುತ್ತದೆ, ಬಾಲ ಮೇಲೆತ್ತಿ ತುದಿ ನಡುಗಿಸುತ್ತದೆ. ಇದಕ್ಕೆ ಟ್ರೇ ಬದಲಿಸಿ ಏನೂ ಆಗದು. ಸಂತಾನಹರಣದ ಆಪರೇಷನ್ ಆಗದ ಗಂಡಾದರೆ ಆಪರೇಷನ್ ಮಾಡಿಸಿ, ಬಹುಪಾಲು ಬೆಕ್ಕುಗಳಲ್ಲಿ ನಿಲ್ಲುತ್ತದೆ. ಐದಾರು ತಿಂಗಳಲ್ಲೇ, ಚಟ ಬೇರೂರುವ ಮೊದಲು ಆದರೆ ಉತ್ತಮ. ಹೆಣ್ಣೂ ಬೆದೆಗೆ ಬಂದಾಗ ಹೀಗೆ ಸಿಡಿಸುವುದುಂಟು. ಆಪರೇಷನ್ ಆದ ಬೆಕ್ಕೂ ಕಿಟಕಿಯ ಕೆಳಗೆ ಮಾತ್ರ ಸಿಡಿಸುತ್ತಿದ್ದರೆ, ಸಂಜೆ ಹೊತ್ತು ಹೊರಗೆ ಬೇರೆ ಮನೆಯ ಗಂಡು ಬಂದು ಕೂರುತ್ತದೆಯೇ ನೋಡಿ. ಆ ಕಿಟಕಿಗೆ ಕೆಳಗಿನ ಅರ್ಧ ಕಾಗದ ಅಂಟಿಸಿದರೆ ಸಾಕಾಗುತ್ತದೆ.

ನೆಲದ ಮೇಲೆ, ಕುಳಿತು, ಪೂರ್ತಿ ಹೊಯ್ದಿದ್ದರೆ ಅದು ಶೌಚವೇ. ಅದಕ್ಕೆ ಟ್ರೇ ಯಾಕೆ ಬೇಡವಾಯಿತು ಎಂಬುದೇ ಪ್ರಶ್ನೆ.

ಮಳೆ ಹಿಡಿದ ಮೇಲೆ ಶುರುವಾಗಿದ್ದರೆ

ನಮ್ಮ ಕಡೆಯ ಹತ್ತು ಫೋನಿನಲ್ಲಿ ಆರೇಳು ಇದೇ ಜಾತಿಯವು. ನಮ್ಮ ಬೆಕ್ಕುಗಳು ಎಂಟು ತಿಂಗಳು ತೋಟದಲ್ಲಿ, ಅಂಗಳದ ಕರೆಯಲ್ಲಿ ಹೋಗಿ ಬರುತ್ತವೆ. ಅವು ಎಲ್ಲಿ ಹೋಗುತ್ತವೆ ಎಂದು ನಾವು ಯಾರೂ ನೋಡಿದವರಲ್ಲ. ಜೂನಿನಲ್ಲಿ ಆ ಜಾಗವೇ ಮಾಯವಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರು ನಮ್ಮದು, ಅದರಲ್ಲಿ ಹೆಚ್ಚಿನ ಪಾಲು ಈ ನಾಲ್ಕು ತಿಂಗಳಲ್ಲೇ. ತೋಟದ ಕಣಿಯಲ್ಲಿ ನೀರು, ಅಡಿಕೆ ಮರದ ಬುಡದಲ್ಲಿ ಕೆಸರು, ಮುರಕಲ್ಲಿನ ಸಂದಿಯಲ್ಲೂ ಒರತೆ.

ಸಾಕುಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯಾ ಮತ್ತು ಆಫ್ರಿಕಾದ ಒಣ ನಾಡಿನ ಕಾಡುಬೆಕ್ಕು. ಸುಮಾರು 10,000 ವರ್ಷಗಳ ಹಿಂದೆ ಬೇಸಾಯ ಶುರುಮಾಡಿದ ಜನರ ಧಾನ್ಯಕ್ಕೆ ಇಲಿ ಬಂತು, ಇಲಿಯ ಹಿಂದೆ ಅದೂ ಬಂತು. ಸಡಿಲವಾದ ಒಣ ಮಣ್ಣನ್ನು ಕೆದಕಿ, ಮಾಡಿ, ಮುಚ್ಚುವುದು ಆ ಕಾಲದ ಅಭ್ಯಾಸ. ಕಾಲಿಗೆ ಅಂಟುವ ಕೆಸರಿನಲ್ಲಿ ಅದು ಸಾಧ್ಯವಿಲ್ಲ. ಹಾಗಾಗಿ ಮನೆಯೊಳಗೆ ಒಣಗಿದ್ದು, ಸಡಿಲವಾದದ್ದು, ನೀರು ಹೀರುವಂಥದ್ದು ಏನಿದೆ ಎಂದು ಹುಡುಕುತ್ತದೆ. ಅಕ್ಕಿಯ ಗೋಣಿ. ಅಟ್ಟದ ಅಡಿಕೆ ರಾಶಿ. ಮೂರು ದಿನದಿಂದ ಒಣಗದೆ ಮೂಲೆಯಲ್ಲಿ ಗುಡ್ಡೆ ಬಿದ್ದ ಬಟ್ಟೆ. ಒಲೆಯ ಬೂದಿ. ಬಡತನಕ್ಕೆ 'ಒಲೆಯಲ್ಲಿ ಬೆಕ್ಕು ಮಲಗಿದೆ' ಎಂಬ ಮಾತುಂಟು. ಮಳೆಗಾಲದಲ್ಲಿ ಹೊಟ್ಟೆತುಂಬ ಉಣ್ಣುವ ಮನೆಯ ಒಲೆಯಲ್ಲೂ ಬೆಕ್ಕು ಮಲಗುತ್ತದೆ, ಬೂದಿ ಕೆದಕಿ ಮೂತ್ರವನ್ನೂ ಮಾಡುತ್ತದೆ.

"ಟ್ರೇ ಇಟ್ಟಿದ್ದೇನಲ್ಲ" ಎನ್ನುತ್ತಾರೆ. ಇಟ್ಟದ್ದು ಜೂನಿನ ಮೊದಲ ಮಳೆಯ ದಿನ, ತಳಕ್ಕೆ ಪೇಪರು ಹಾಸಿ. ತೋಟದ ಮಣ್ಣು ಬಿಟ್ಟು ಬೇರೆ ಕಂಡಿರದ ಬೆಕ್ಕಿಗೆ ಅದು ಏನೆಂದೇ ತಿಳಿಯದು.

ನಾನು ಮಾಡುವುದು ಇಷ್ಟು. ಮೇ ತಿಂಗಳಲ್ಲಿ, ಮಣ್ಣು ಇನ್ನೂ ಹುಡಿ ಹುಡಿ ಇರುವಾಗಲೇ, ಬೆಕ್ಕುಗಳು ಓಡಾಡುವ ತೋಟದ ಬದಿಯಿಂದ ಎರಡು ಗೋಣಿ ಮಣ್ಣು ತಂದು ಜರಡಿ ಹಿಡಿದು, ಒಂದು ದಿನ ಚೆನ್ನಾಗಿ ಬಿಸಿಲು ಕಾಯಿಸಿ ಅಟ್ಟಕ್ಕೇರಿಸುತ್ತೇನೆ. ಮಳೆ ಶುರುವಾಗುವ ಎರಡು ವಾರ ಮೊದಲೇ ಜಗಲಿಯಲ್ಲಿ, ಅವು ಹೊರಗೆ ಹೋಗುವ ದಾರಿಯಲ್ಲೇ ಟ್ರೇ ಇಟ್ಟು ಈ ಮಣ್ಣನ್ನು ತುಂಬುತ್ತೇನೆ. ಪರಿಚಿತ ವಾಸನೆ, ಪರಿಚಿತ ಸ್ಪರ್ಶ, ಪರಿಚಿತ ದಾರಿ. ಒಮ್ಮೆ ಅಭ್ಯಾಸವಾದ ಮೇಲೆ ಟ್ರೇಯನ್ನು ದಿನಕ್ಕೆ ಒಂದಡಿಯಂತೆ ಬೇಕಾದ ಮೂಲೆಗೆ ಸರಿಸಬಹುದು. ಮಣ್ಣಿಗೆ ಬೇರೆ ಲಿಟರನ್ನು (ಟ್ರೇಗೆ ತುಂಬುವ ಹುಡಿ) ಹಿಡಿ ಹಿಡಿಯಾಗಿ ಬೆರೆಸುತ್ತ ಹೋಗಬಹುದು. ಈಗಾಗಲೇ ಮಳೆ ಹಿಡಿದಿದ್ದರೆ ಕಾರು ನಿಲ್ಲಿಸುವ ಮಾಡಿನ ಅಡಿಯಲ್ಲಿ ಅಥವಾ ಸೌದೆ ಕೊಟ್ಟಿಗೆಯಲ್ಲಿ ಒಣ ಮಣ್ಣು ಸಿಗುತ್ತದೆ, ಹುಡುಕಿ ತನ್ನಿ.

ಯಾವುದು ತುಂಬಿದರೆ ಒಳ್ಳೆಯದು ಎಂದು ಕೇಳುವವರಿಗೆ ನಾನು ಮಾಡಿ ನೋಡಿದ್ದನ್ನು ಹೇಳುತ್ತೇನೆ. ಹೊಯಿಗೆಯನ್ನು (ಮರಳನ್ನು) ಬೆಕ್ಕು ಬಹಳ ಇಷ್ಟಪಡುತ್ತದೆ. ಆದರೆ ಅದು ಮೂತ್ರವನ್ನು ಹಿಡಿದಿಡುವುದಿಲ್ಲ, ಎಲ್ಲ ತಳಕ್ಕಿಳಿದು ಅಲ್ಲೇ ಕೊಳೆಯುತ್ತದೆ. ತೊಳೆದು ಒಣಗಿಸೋಣವೆಂದರೆ ಮಳೆಗಾಲದಲ್ಲಿ ಬಿಸಿಲೆಲ್ಲಿ? ಕಲ್ಲು ಪುಡಿಮಾಡಿದ ಎಂ-ಸ್ಯಾಂಡಿನಲ್ಲಿ ಧೂಳು ಜಾಸ್ತಿ. ತೆಂಗಿನ ನಾರಿನ ಹುಡಿ ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ, ಪಾದಕ್ಕೂ ಮೆತ್ತಗೆ. ಪೂರ್ತಿ ಒಣಗಿಸದಿದ್ದರೆ ಮಾತ್ರ ಆಟಿಯಲ್ಲಿ ಬೂಷ್ಟು ಹಿಡಿಯುತ್ತದೆ. ಮರದ ಹುಡಿ ನಡೆಯುತ್ತದೆ, ಪ್ಲೈವುಡ್ಡಿನದ್ದು ಬೇಡ. ಉಮಿ ನೀರು ಹೀರುವುದಿಲ್ಲ. ಅಡಿಕೆ ಸಿಪ್ಪೆ ಪಾದಕ್ಕೆ ಚುಚ್ಚುತ್ತದೆ, ನಮ್ಮ ಐದರಲ್ಲಿ ಒಂದೂ ಅದರ ಮೇಲೆ ಕಾಲಿಡಲಿಲ್ಲ. ಒಲೆಯ ಬೂದಿಯನ್ನು ಟ್ರೇಗೆ ಹಾಕಲೇಬೇಡಿ. ಒಣಗಿದ್ದಾಗ ವಾಸನೆ ಎಳೆಯುವುದು ನಿಜ. ಒದ್ದೆಯಾದರೆ ಖಾರದ ಕ್ಷಾರ ಬಿಡುತ್ತದೆ, ಪಾದ ಸುಡುತ್ತದೆ, ಆ ಪಾದವನ್ನೇ ಬೆಕ್ಕು ನೆಕ್ಕುತ್ತದೆ.

ಅಂಗಡಿಯಲ್ಲಿ ಸಿಗುವ ಗಟ್ಟಿಯಾಗುವ ಲಿಟರ್ ಬೆಂಟೊನೈಟ್ ಎಂಬ ಜೇಡಿ, ಗುಜರಾತಿನ ಕಚ್ಛ್ ಕಡೆ ಅಗೆಯುತ್ತಾರೆ. ಒದ್ದೆಯಾದ ಕಡೆ ಉಬ್ಬಿ ಉಂಡೆ ಕಟ್ಟುತ್ತದೆ. ಆ ಉಂಡೆಗಳನ್ನು ಎಣಿಸಿದರೆ ಬೆಕ್ಕು ದಿನಕ್ಕೆ ಎಷ್ಟು ಸಲ, ಎಷ್ಟು ಮಾಡಿತು ಎಂದು ಕಣ್ಣಿಗೆ ಕಾಣುತ್ತದೆ. ದೊಡ್ಡ ಬೆಕ್ಕಿಗೆ ದಿನಕ್ಕೆ ಎರಡರಿಂದ ನಾಲ್ಕು ಉಂಡೆ ಸರಿಯಾದ ಲೆಕ್ಕ. ನನಗೆ ಅದೇ ಅದರ ದೊಡ್ಡ ಗುಣ. ಪರಿಮಳ ಬೆರೆಸಿದ್ದು ಬೇಡ, ಪರಿಮಳ ನಮ್ಮ ಮೂಗಿಗೆ, ಬೆಕ್ಕಿನ ಮೂಗಿಗಲ್ಲ. ಚೀಲ ಬಿಚ್ಚಿದ ಮೇಲೆ ಮುಚ್ಚಳದ ಬಕೆಟಿನಲ್ಲಿಡಿ, ನಮ್ಮ ಗಾಳಿಯ ತೇವವನ್ನೇ ಕುಡಿದುಬಿಡುತ್ತದೆ. ಅಂದಹಾಗೆ ಈ ವ್ಯಾಪಾರ ಹುಟ್ಟಿದ್ದೂ ಹವಾಮಾನದ ಇಂಥದೇ ತೊಂದರೆಯಿಂದ. 1947ರ ಚಳಿಗಾಲದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಹೆಂಗಸೊಬ್ಬಳು ಬೆಕ್ಕಿಗೆ ಇಟ್ಟ ಮರಳು ಹೆಪ್ಪುಗಟ್ಟಿ, ಬೂದಿ ಹಾಕಿದರೆ ಬೆಕ್ಕು ಮನೆಯೆಲ್ಲ ಹೆಜ್ಜೆ ಮೂಡಿಸುತ್ತಿತ್ತು. ನೆರೆಮನೆಯ ಎಡ್ವರ್ಡ್ ಲೋವ್ ಎಂಬವರು ಅವಳಿಗೆ ಒಣ ಜೇಡಿಯ ಹರಳು ಕೊಟ್ಟರು, ಅಲ್ಲಿಂದ ಲಿಟರ್ ಎಂಬ ಸಾಮಾನು ಶುರುವಾಯಿತು.

ಟ್ರೇಯ ಪಕ್ಕದಲ್ಲೇ, ಅಂಚಿನಲ್ಲೇ ಮಾಡುತ್ತಿದ್ದರೆ

ಇದು ಸಿಹಿ ಸುದ್ದಿ. ಬೆಕ್ಕಿಗೆ ಜಾಗ ಗೊತ್ತಿದೆ, ಅಲ್ಲಿಯವರೆಗೆ ಬಂದಿದೆ, ಒಳಗಿರುವುದು ಹಿಡಿಸಿಲ್ಲ. ಒಂದು ಸಲ ದೂರ ನಿಂತು ನೋಡಿ. ಟ್ರೇಯೊಳಗೆ ಒಂದೇ ಕಾಲಿಟ್ಟು, ಎತ್ತಿ ನೀರು ಕೊಡವುವಂತೆ ಕೊಡವಿದರೆ ಲಿಟರ್ ಹಿಡಿಸಿಲ್ಲ ಅಥವಾ ಒದ್ದೆಯಾಗಿದೆ. ನಾಲ್ಕೂ ಪಾದವನ್ನು ಅಂಚಿನ ಮೇಲೆಯೇ ಇಟ್ಟು, ಕಟ್ಟೆಯ ಮೇಲೆ ಕೂತಂತೆ ಕೂತರೂ ಅದೇ ಅರ್ಥ. ಮುಚ್ಚದೆ, ಕೆದಕದೆ ಹಾರಿ ಓಡಿದರೂ ಅದೇ. ಒಳಗೆ ಹೋಗುತ್ತದೆ, ತಿರುಗಲು ಆಗದೆ ಹಿಂಭಾಗ ಹೊರಗೆ ಚಾಚುತ್ತದೆ ಎಂದಾದರೆ ಟ್ರೇ ಸಣ್ಣದು. ಮೂಗಿನಿಂದ ಬಾಲದ ಬುಡದವರೆಗೆ ಅಳೆದು ಅದರ ಒಂದೂವರೆ ಪಟ್ಟು ಉದ್ದ ಬೇಕು. ಅಂಗಡಿಯ ಟ್ರೇಗಳಲ್ಲಿ ಹೆಚ್ಚಿನವು ಇಷ್ಟಿಲ್ಲ. ಬಟ್ಟೆ ನೆನೆಹಾಕುವ ಅಗಲದ ಟಬ್ಬು ಒಳ್ಳೆಯದು, ಒಂದು ಬದಿ ತಗ್ಗಾಗಿ ಕತ್ತರಿಸಿ. ಎರಡರಿಂದ ಮೂರು ಇಂಚು ದಪ್ಪ ತುಂಬಿ.

ತಳಕ್ಕೆ ಏನನ್ನೂ ಹಾಸಬೇಡಿ. ನಾನೊಮ್ಮೆ ಅಡಿಕೆ ಹಾಳೆ ಹಾಸಿ ನೋಡಿದೆ, ತೆಗೆದು ಎಸೆಯಲು ಸುಲಭ ಎಂದು. ಕೆದಕುವಾಗ ಉಗುರು ಹಾಳೆಗೆ ತಾಗಿ ಕರಕರ ಸದ್ದಾಯಿತು, ಬೆಕ್ಕು ಕಿವಿ ಹಿಂದಕ್ಕೆ ಮಾಡಿ ಇಳಿದುಹೋಯಿತು. ಅದೇ ದಿನ ತೆಗೆದೆ.

ದಿನಕ್ಕೆ ಎರಡು ಸಲ ಹೊಲಸು ಎತ್ತಿ, ಕನಿಷ್ಠ ಒಂದು ಸಲವಾದರೂ. ಇದಕ್ಕೆ ಬದಲಿ ಉಪಾಯ ಇಲ್ಲ.

ಫಿನೈಲು

ಈ ವಿಷಯಕ್ಕೆ ನನಗೆ ಸಿಟ್ಟೂ ಬರುತ್ತದೆ, ಬೇಸರವೂ ಆಗುತ್ತದೆ. ಬೆಕ್ಕು ಮೂತ್ರ ಮಾಡಿದಲ್ಲಿಗೆ ಎರಡು ಮುಚ್ಚಳ ಫಿನೈಲು, ಟ್ರೇ ತೊಳೆಯಲು ಡೆಟಾಲು: ಇದು ಪ್ರತಿ ಮನೆಯ ಪದ್ಧತಿ. ಫಿನಾಲ್ ಜಾತಿಯ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು, ಪಾದ ನೆಕ್ಕಿ, ಜೊಲ್ಲು ಸುರಿಸುತ್ತ ನಡುಗುವ ಬೆಕ್ಕನ್ನು ನಾನು ಕಂಡಿದ್ದೇನೆ. ವಿಷವಾಗದೆ ಉಳಿದರೂ ಆ ಕಟು ವಾಸನೆಯ ಟ್ರೇಗೆ ಬೆಕ್ಕು ಮತ್ತೆ ಹತ್ತುವುದಿಲ್ಲ. ತಪ್ಪಿದ್ದು ಬೆಕ್ಕಲ್ಲ.

ಟ್ರೇಗೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸಾಬೂನು ಸಾಕು. ನೆಲಕ್ಕೆ, ಬಟ್ಟೆಗೆ ಎನ್‌ಜೈಮ್ ಇರುವ ದ್ರಾವಣ ಬೇಕು, ಸಿಗದಿದ್ದರೆ ಎನ್‌ಜೈಮ್ ಇರುವ ಬಟ್ಟೆ ಪುಡಿಯ ನೀರನ್ನು ಹೊಯ್ದು ಅರ್ಧ ಗಂಟೆ ಬಿಡಿ. ಬೆಕ್ಕಿನ ಮೂತ್ರದ ಕಲೆ ಬರೀ ನೀರಿಗೆ ಪೂರ್ತಿ ಹೋಗುವುದಿಲ್ಲ. ಬೇಸಿಗೆಯಲ್ಲಿ ಸುಮ್ಮನಿದ್ದು, ಮಳೆಗಾಲದ ತೇವ ತಾಗಿದೊಡನೆ ಮತ್ತೆ ನಾರುತ್ತದೆ, ಬೆಕ್ಕು ಆ ವಾಸನೆ ಹಿಡಿದು ಅಲ್ಲಿಗೇ ಬರುತ್ತದೆ. ಹಳೆ ಸಿಮೆಂಟು ನೆಲ, ಗಾರೆ ಮಾಡದ ಮುರಕಲ್ಲಿನ ಗೋಡೆ ಇಂಥದನ್ನು ಆಳಕ್ಕೆ ಕುಡಿದಿರುತ್ತವೆ, ಎರಡು ಮೂರು ಸಲ ಮಾಡಬೇಕಾದೀತು. ಗುರುತು ಸಿಗದಿದ್ದರೆ ನೋಟು ಪರೀಕ್ಷಿಸುವ ನೇರಳೆ ಟಾರ್ಚು ತಂದು ರಾತ್ರಿ ದೀಪ ಆರಿಸಿ ಹಿಡಿಯಿರಿ, ಒಣಗಿದ ಮೂತ್ರ ಮಂಕಾಗಿ ಹೊಳೆಯುತ್ತದೆ. ಬ್ಲೀಚಿಂಗ್ ಪುಡಿ ಬೇಡ, ಮೂತ್ರದ ಅಮೋನಿಯಾದೊಡನೆ ಸೇರಿ ಮನುಷ್ಯರಿಗೂ ಕೆಟ್ಟ ಅನಿಲ ಏಳುತ್ತದೆ.

ಬೆಕ್ಕು ಹೆಚ್ಚಾದಾಗ

ನಮ್ಮಲ್ಲಿ ಕರಿಯ ಟ್ರೇ ಇದ್ದ ಬಚ್ಚಲಿನ ಹೊಸಿಲಿಗೆ ಅಡ್ಡ ಮಲಗುತ್ತಿದ್ದ. ಗುರ್ ಎನ್ನುತ್ತಿರಲಿಲ್ಲ, ಉಗುರು ತೆಗೆಯುತ್ತಿರಲಿಲ್ಲ. ಹೆಣ್ಣು ಬೆಕ್ಕು ಬಿಳಿ ಬರುವುದನ್ನು ನೋಡುತ್ತಿದ್ದ, ಅಷ್ಟೇ. ಅವಳು ನಾಲ್ಕು ಮಾರು ದೂರ ಕೂತು ಕಾದು, ಕೊನೆಗೆ ಧಾನ್ಯದ ಪತ್ತಾಯದ ಹಿಂದೆ ಹೋಗುತ್ತಿದ್ದಳು. ಮೂರು ವಾರ ನನಗೆ ಇದು ತಿಳಿಯಲಿಲ್ಲ, ಯಾಕೆಂದರೆ ಜಗಳದ ಸದ್ದೇ ಇರಲಿಲ್ಲ. ಎರಡನೆಯ ಟ್ರೇಯನ್ನು ಮನೆಯ ಇನ್ನೊಂದು ತುದಿಯಲ್ಲಿ, ಎರಡು ಕಡೆಯಿಂದ ಓಡಲು ದಾರಿ ಇರುವ ಚಾವಡಿಯ ಮೂಲೆಯಲ್ಲಿಟ್ಟೆ. ಎರಡನೇ ದಿನಕ್ಕೇ ಬಿಳಿ ಪತ್ತಾಯ ಬಿಟ್ಟಳು. ಬೆಕ್ಕಿಗೊಂದು, ಮೇಲೊಂದು ಎಂಬುದು ಟ್ರೇಯ ಲೆಕ್ಕ. ನಾನು ಐದು ಬೆಕ್ಕಿಗೆ ನಾಲ್ಕೇ ಇಟ್ಟು ದಿನಕ್ಕೆ ಮೂರು ಸಲ ಎತ್ತುತ್ತೇನೆ. ಒಂದೇ ಕೋಣೆಯಲ್ಲಿ ಸಾಲಾಗಿ ಮೂರಿಟ್ಟರೆ ಬೆಕ್ಕಿನ ಕಣ್ಣಿಗೆ ಅದು ಒಂದೇ.

ಪಟಾಕಿ, ಕೋಲದ ರಾತ್ರಿಯ ಗರ್ನಾಲು, ಮನೆಗೆ ಮದುವೆಯ ನೆಂಟರು, ಹೊಸ ನಾಯಿಮರಿ, ಇವುಗಳ ನಂತರ ಶುರುವಾದದ್ದು ಹೆಚ್ಚಾಗಿ ತಾನಾಗಿ ಇಳಿಯುತ್ತದೆ. ಒಂದು ಕತ್ತಲೆಯ ಕೋಣೆ, ಅಲ್ಲೇ ಟ್ರೇ, ದೂರದಲ್ಲಿ ನೀರು-ಊಟ ಇಟ್ಟು ನಾಲ್ಕೈದು ದಿನ ಬಿಡಿ.

ಮುದಿ ಬೆಕ್ಕು, ಮರಿ ಬೆಕ್ಕು

ಹತ್ತು ದಾಟಿದ ಬೆಕ್ಕು ಟ್ರೇಯ ಮುಂದೆಯೇ ಮಾಡಿದರೆ ಗಂಟುನೋವಿರಬಹುದು, ಅಂಚನ್ನು ಮೂರು ಬೆರಳೆತ್ತರಕ್ಕೆ ಇಳಿಸಿ. ಮರಿಗಳು ಮೂರು-ನಾಲ್ಕು ವಾರಕ್ಕೆ ತಾವಾಗಿ ಕೆದಕಲು ಶುರುಮಾಡುತ್ತವೆ. ಎಲ್ಲವನ್ನೂ ಬಾಯಿಗೆ ಹಾಕುವ ಪ್ರಾಯವಾದ್ದರಿಂದ ಉಂಡೆ ಕಟ್ಟುವ ಲಿಟರ್ ಬೇಡ, ಮಣ್ಣೇ ಸಾಕು. ಮೂತ್ರ ಸರಿಯಾಗಿ ಹೋಗಿ ಮಲ ಮಾತ್ರ ನೀರಾಗಿ ಹೊರಗೆ ಬೀಳುತ್ತಿದ್ದರೆ ಹಾಲು ನಿಲ್ಲಿಸಿ ನೋಡಿ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ.

ಬದಲಾವಣೆ ಮಾಡುವಾಗ

ಒಂದು ಸಲಕ್ಕೆ ಒಂದೇ. ಲಿಟರ್, ಟ್ರೇ, ಜಾಗ ಮೂರನ್ನೂ ಒಂದೇ ದಿನ ಬದಲಿಸಿದರೆ ಸರಿಹೋದರೂ ಯಾವುದರಿಂದ ಎಂದು ತಿಳಿಯದು. ಮುಂದಿನ ಮಳೆಗಾಲದಲ್ಲಿ ಮತ್ತೆ ಮೊದಲಿಂದ ಹುಡುಕಬೇಕು. ಒಂದು ವಾರ ಕೊಡಿ, ಕ್ಯಾಲೆಂಡರು ನೋಡಿ, ಆಮೇಲೆ ಇನ್ನೊಂದು. ಮೂತಿಯನ್ನು ಮೂತ್ರಕ್ಕೆ ಉಜ್ಜುವುದು, ಹೊಡೆಯುವುದು ಬೇಡವೇ ಬೇಡ. ಅದರಿಂದ ಬೆಕ್ಕು ನಿಮ್ಮ ಕಣ್ಣು ತಪ್ಪಿಸಿ ಮಾಡಲು ಮಾತ್ರ ಕಲಿಯುತ್ತದೆ.

ಎತ್ತಿದ ಹೊಲಸನ್ನು ಎಲ್ಲಿ ಹಾಕುವುದು ಎಂದು ಕೊನೆಗೆ ಎಲ್ಲರೂ ಕೇಳುತ್ತಾರೆ. ಬಸಳೆ ಚಪ್ಪರದ ಬುಡಕ್ಕೆ, ತರಕಾರಿ ಸಾಲಿಗೆ, ಬಾವಿಯ ಹತ್ತಿರಕ್ಕೆ ಬೇಡ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಮೊಟ್ಟೆಯಂಥವು ಇರಬಹುದು. ಹೊರಬಿದ್ದ ಒಂದರಿಂದ ಐದು ದಿನದಲ್ಲಿ ಅವು ಸೋಂಕು ತಗಲಿಸುವ ಶಕ್ತಿ ಪಡೆಯುತ್ತವೆ, ದಿನಾ ಎತ್ತಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಬಸುರಿಯರಿದ್ದರೆ ಈ ಕೆಲಸ ಮನೆಯ ಬೇರೆಯವರು ಮಾಡಲಿ, ಯಾರೂ ಇಲ್ಲದಿದ್ದರೆ ಕೈಗವಸು ಹಾಕಿ, ಆಮೇಲೆ ಸಾಬೂನಿನಲ್ಲಿ ಕೈ ತೊಳೆಯಲಿ. ಬೆಂಟೊನೈಟನ್ನು ಕಕ್ಕಸಿನ ಗುಂಡಿಗೆ ಸುರಿದರೆ ಕೊಳವೆಯಲ್ಲೇ ಉಬ್ಬಿ ಕಟ್ಟುತ್ತದೆ. ಬಾವಿಯಿಂದ ದೂರದ ಒಂದು ತೆಂಗಿನ ಮರವನ್ನು ಇದಕ್ಕೆಂದೇ ಗೊತ್ತುಮಾಡಿ, ಅದರ ಬುಡದಿಂದ ಒಂದು ಮಾರು ಆಚೆ ಮೊಣಕೈ ಆಳದ ಗುಂಡಿ ತೋಡಿ, ಹಾಕಿದಾಗೆಲ್ಲ ಮೇಲೆ ಮಣ್ಣು ಮುಚ್ಚಿ.